ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದಾರೆ, ಮೊಬೈಲ್ ಜೇಬಲ್ಲಿ ಇಡಬಹುದಾ?

ಕುವೆಂಪುನಗರದ_ಮಗಳು:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಪ್ಪನಿಗೆ ಪೇಸ್‌ಮೇಕರ್ (ಎದೆಬಡಿತ ಸರಿಯಾಗಿಡುವ ಪುಟ್ಟ ಮಿಷನ್) ಹಾಕಿದರು, ಎಡಗಡೆ ಭುಜದ ಕೆಳಗೆ. ಡಿಸ್ಚಾರ್ಜ್ ದಿನ ಒಂದು ಕಾರ್ಡ್ ಕೊಟ್ಟು ಕಳಿಸಿದರು, ಆ ಗಡಿಬಿಡಿಯಲ್ಲಿ ಮೊಬೈಲ್ ವಿಷಯ ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಅಪ್ಪ ಇರುವುದು ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ. ಮೊದಲಿಂದಲೂ ಅಂಗಿಯ ಎಡ ಜೇಬಲ್ಲೇ ಫೋನ್. ಊರಲ್ಲಿ ಯಾರೋ ಫೋನ್ ಹತ್ತಿರ ಬಂದರೆ ಮಿಷನ್ ನಿಂತುಹೋಗುತ್ತದೆ, ಟವರ್ ಇರೋ ಕಡೆ ಹೋಗಲೇಬೇಡಿ ಅಂತ ಹೆದರಿಸಿದ್ದಾರೆ, ಅವತ್ತಿಂದ ಫೋನ್ ಆಫ್ ಮಾಡಿ ಬೀರುವಿನಲ್ಲಿ ಇಟ್ಟಿದ್ದಾರೆ. ಒಬ್ಬರೇ ಗದ್ದೆಗೆ ನೀರು ಕಟ್ಟಲು ಹೋಗುವವರು, ಏನಾದರೂ ಆದರೆ ನಮಗೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ವೈಫೈ ಬೇರೆ ಇದೆ. ಗೊತ್ತಿದ್ದವರು ಹೇಳಿ.

ಸರಸ್ವತಿಪುರಂ_ನಿವಾಸಿ:
ಅಕ್ಕ, ಮೊದಲು ಫೋನ್ ಆನ್ ಮಾಡಿಸಿ. ನಮ್ಮಮ್ಮನಿಗೆ ಆರು ವರ್ಷದಿಂದ ಪೇಸ್‌ಮೇಕರ್ ಇದೆ, ದಿನಾ ಫೋನಲ್ಲಿ ಮಾತಾಡುತ್ತಾರೆ. ಪೇಸ್‌ಮೇಕರ್‌ಗೂ ಫೋನಿಗೂ ಮಧ್ಯೆ 15 ಸೆಂಟಿಮೀಟರ್ ಇರಬೇಕು, ಅಷ್ಟೇ. ಎಡ ಜೇಬು ಮಾತ್ರ ಬೇಡ. ಬಲಗಿವಿಗೆ ಹಿಡಿದು ಮಾತಾಡಲಿ. ವೈಫೈ ಡಬ್ಬಿಗೂ ಇಷ್ಟೇ ದೂರ ಸಾಕು, ಅದನ್ನು ಯಾರೂ ಎದೆಗೆ ಒತ್ತಿಕೊಂಡು ಕೂರುವುದಿಲ್ಲವಲ್ಲ. ಜಾಸ್ತಿ ನಿಗಾ ಬೇಕಾಗಿರುವುದು ಅಯಸ್ಕಾಂತದ ಮೇಲೆ. ಕೆಲವು ಫೋನ್‌ಗಳ ಒಳಗೆ, ಮುಚ್ಚುವ ಕವರಲ್ಲಿ, ಇಯರ್‌ಬಡ್ ಡಬ್ಬಿಯಲ್ಲಿ ಅಯಸ್ಕಾಂತ ಇರುತ್ತದೆ. ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ನಿಲ್ಲುವುದಿಲ್ಲ, ಆದರೆ ಎದೆಬಡಿತ ನೋಡಿಕೊಂಡು ಕೆಲಸ ಮಾಡುವುದು ಬಿಟ್ಟು ಒಂದೇ ವೇಗದಲ್ಲಿ ಬಡಿಯತೊಡಗುತ್ತದೆ. ಸಾಮಾನ್ಯವಾಗಿ ದೂರ ಸರಿಸಿದರೆ ಮತ್ತೆ ಸರಿಹೋಗುತ್ತದೆ. ಇಂಡಕ್ಷನ್ ಒಲೆ ಇದ್ದರೆ ಅದರಿಂದ ಎರಡು ಅಡಿ ದೂರ ನಿಲ್ಲಲಿ.

ಸಿಗ್ನಲ್_ಮಂಡ್ಯ:
ನಾನು ಟವರ್ ಕೆಲಸ ಮಾಡುವವನು. ಟವರ್ ಭಯ ಬಿಡಿ. ದೂರ ಎರಡು ಪಟ್ಟಾದರೆ ತರಂಗದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಮೇಲಾಗಿ ಆ್ಯಂಟೆನಾ ದೂರಕ್ಕೆ ಬೀರುತ್ತದೆ, ನೇರ ಬುಡಕ್ಕಲ್ಲ. ನಮ್ಮ ದೇಶದಲ್ಲಿ 2012ರಲ್ಲೇ ಟವರ್ ತರಂಗದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿದ್ದರು. ಮೈಗೆ ಅಂಟಿಕೊಂಡಿರುವುದು ಫೋನು, ಟವರಲ್ಲ. ಕಬ್ಬಿನ ಗದ್ದೆ ನಡುವೆ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಫೋನು ಟವರಿಗೆ ತಲುಪಲು ತನ್ನ ಪವರ್ ಏರಿಸುತ್ತದೆ, ಅಂಥ ಕಡೆ ಸ್ಪೀಕರ್ ಹಾಕಿಕೊಂಡು ಮಾತಾಡುವುದು ಒಳ್ಳೆಯದು. ಸ್ಟಾರ್ ಹ್ಯಾಶ್ 07 ಹ್ಯಾಶ್ ಒತ್ತಿದರೆ ಬರುವ ಎಸ್‌ಎಆರ್ ನಂಬರ್ 1.6ರ ಒಳಗಿರಬೇಕು ಅಂತ ನಿಯಮ ಇದೆ, ಆದರೆ ಅದು ಮೈ ಎಷ್ಟು ತರಂಗ ಹೀರುತ್ತದೆ ಅನ್ನುವ ಲೆಕ್ಕ. ಆ ನಂಬರ್ ಕಮ್ಮಿ ಇದೆ ಅಂತ ಎದೆ ಮೇಲೆ ಇಟ್ಟುಕೊಳ್ಳಬೇಡಿ.

ಕುವೆಂಪುನಗರದ_ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿದ್ದೆ. ಸೆಂಟಿಮೀಟರ್ ಅಂದಾಗ ಅಪ್ಪನ ತಲೆಗೆ ಹೋಗಲಿಲ್ಲ, ಒಂದು ಗೇಣು ದೂರ ಇರಲಿ ಅಪ್ಪ ಅಂದೆ, ತಕ್ಷಣ ಗೇಣು ಹಾಕಿ ಅಳೆದು ನೋಡಿಕೊಂಡರು. ಈಗ ಫೋನ್ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಹೋಗಿದೆ. ಬೆಳಗ್ಗೆ ಗದ್ದೆಯಿಂದಲೇ ಫೋನ್ ಮಾಡಿದ್ದರು, ನೀರು ಬಿಟ್ಟಿದ್ದಾರೆ ಅಂತ ಹೇಳೋಕೆ. ಮುಂದಿನ ಚೆಕಪ್‌ಗೆ ಫೋನ್, ಕವರ್ ಎರಡನ್ನೂ ತಗೊಂಡು ಹೋಗಿ ಡಾಕ್ಟರಿಗೆ ತೋರಿಸುತ್ತೇನೆ.