ಹೀಟರಿನ ಬ್ಲೋವರ್ ‘ದುರ್ಬಲ’ವಾಗಿದೆ ಎಂದು ಬರೆಯಬಹುದೇ?

ಹಳೆಯ ಕಾರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವವರಿಗಾಗಿ, ಹೀಟರಿನಿಂದ ಗಾಳಿ ಸರಿಯಾಗಿ ಬಾರದಿದ್ದಾಗ ದೋಷವನ್ನು ಹುಡುಕುವ ಬಗೆಯನ್ನು ವಿವರಿಸುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದರಿಂದ ಉದಾಹರಣೆಗೆ ವೋಲ್ವೋ 240 ಕಾರನ್ನು ಆರಿಸಿಕೊಂಡಿದ್ದೇನೆ. 1974ರಿಂದ 1993ರವರೆಗೆ ತಯಾರಾದ ಈ ಕಾರಿನಲ್ಲಿ ಗಾಳಿಯನ್ನು ತಳ್ಳುವ ಬ್ಲೋವರ್ ಮೋಟರ್ ಹೀಟರ್ ಪೆಟ್ಟಿಗೆಯ ನಟ್ಟನಡುವೆ ಇದ್ದು, ಅದರ ಎರಡೂ ತುದಿಗಳಿಗೆ ಒಂದೊಂದು ಗಾಳಿಚಕ್ರವಿರುತ್ತದೆ. ಮೋಟರನ್ನು ಹೊರತೆಗೆಯಬೇಕಾದರೆ ಡ್ಯಾಶ್‌ಬೋರ್ಡಿನ ಬಹುಭಾಗವನ್ನು ಬಿಚ್ಚಬೇಕಾಗುತ್ತದೆ. ಆದ್ದರಿಂದ ದೋಷ ಯಾವುದೆಂದು ಖಚಿತವಾಗುವ ಮೊದಲೇ ಬಿಚ್ಚಲು ಕೂತವರಿಗೆ ಒಂದಿಡೀ ದಿನ ವ್ಯರ್ಥವಾಗಬಹುದು. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಓದುಗರನ್ನು ಸರಿಯಾದ ದೋಷದ ಕಡೆಗೆ ಕರೆದೊಯ್ಯುವ ಕ್ರಿಯಾಪದ ಯಾವುದು?

‘ಬ್ಲೋವರ್ ದುರ್ಬಲವಾಗಿದೆ’ ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ದೇಹಕ್ಕೂ ಸರ್ಕಾರಕ್ಕೂ ವಾದಕ್ಕೂ ಒಪ್ಪುವ ಈ ಪದ ಯಂತ್ರದ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಮೋಟರೇ ನಿಧಾನವಾಗಿ ತಿರುಗುತ್ತಿರಬಹುದು. ಮೋಟರ್ ಚೆನ್ನಾಗಿ ತಿರುಗುತ್ತಿದ್ದು ಗಾಳಿಯ ದಾರಿ ಕಟ್ಟಿಕೊಂಡಿರಬಹುದು. ಗಾಳಿ ಜೋರಾಗಿಯೇ ಬರುತ್ತಿದ್ದು ಅದರಲ್ಲಿ ಬಿಸಿ ಇಲ್ಲದಿರಬಹುದು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ, ಬಿಚ್ಚಬೇಕಾದ ಜಾಗವೂ ಬೇರೆ. ಮೂರನ್ನೂ ‘ದುರ್ಬಲ’ ಎಂಬ ಒಂದೇ ವಿಶೇಷಣದ ಅಡಿಯಲ್ಲಿ ಸೇರಿಸಿಬಿಟ್ಟರೆ ಕೈಪಿಡಿಯ ಮೊದಲ ಸಾಲೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಡುಮಾತಿನಲ್ಲಿ ಜನ ಹೇಳುವುದು ‘ಗಾಳಿ ಫೋರ್ಸಾಗಿ ಬರುತ್ತಿಲ್ಲ’ ಎಂದು. ನಲ್ಲಿಯ ನೀರಿಗೂ ನಾವು ಇದೇ ಮಾತನ್ನು ಬಳಸುತ್ತೇವೆ, ಅಲ್ಲಿಯೂ ಪಂಪ್ ಸೋತಿದೆಯೋ ಪೈಪ್ ಕಟ್ಟಿದೆಯೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಆದರೂ ‘ದುರ್ಬಲ’ಕ್ಕಿಂತ ಇದು ಮೇಲು, ಏಕೆಂದರೆ ಇದು ಕಾರಣವನ್ನು ಊಹಿಸದೆ ಕಂಡದ್ದನ್ನಷ್ಟೇ ಹೇಳುತ್ತದೆ. ಹಾಗಾಗಿ ಲಕ್ಷಣವನ್ನು ಹೇಳುವಲ್ಲಿ ‘ಗಾಳಿ ಸಾಲದು’ ಎಂದೂ, ಕಾರಣವನ್ನು ಹೇಳುವಲ್ಲಿ ಪ್ರತಿ ದೋಷಕ್ಕೂ ಅದರದೇ ಕ್ರಿಯಾಪದವನ್ನೂ ಬಳಸಬೇಕೆಂದು ಯೋಚಿಸಿದ್ದೇನೆ.

ದಾರಿ ಅಡ್ಡಗಟ್ಟಿರುವ ದೋಷಕ್ಕೆ ‘ಕಟ್ಟಿಕೊಂಡಿದೆ’ ಎಂಬುದು ನಿಸ್ಸಂದೇಹವಾಗಿ ಸರಿ. ಮೂಗು ಕಟ್ಟುವುದು, ಚರಂಡಿ ಕಟ್ಟಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಮಾತು. ವೋಲ್ವೋ 240ರಂತಹ ಹಳೆಯ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಇರುವುದಿಲ್ಲವಾದ್ದರಿಂದ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯ ಮೂಲಕ ತರಗೆಲೆಗಳು ನೇರವಾಗಿ ಒಳಗಿಳಿಯಬಹುದು. ಬ್ಲೋವರಿನ ಸದ್ದು ಎಂದಿನಂತೆಯೇ ಜೋರಾಗಿದ್ದು ಗಾಳಿ ಮಾತ್ರ ಕಡಿಮೆಯಿದ್ದರೆ ಮೊದಲು ನೋಡಬೇಕಾದದ್ದು ಅಲ್ಲಿಯೇ.

ಮೋಟರೇ ನಿಧಾನವಾಗಿರುವ ದೋಷಕ್ಕೆ ‘ಸೊರಗಿದೆ’, ‘ಕುಂದಿದೆ’, ‘ಸೋತಿದೆ’ ಎಂಬ ಮೂರು ಪದಗಳು ಹೊಳೆಯುತ್ತವೆ. ಇವುಗಳಲ್ಲಿ ‘ಸೊರಗು’ ಎಂಬುದನ್ನು, ಮೋಟರಿಗೆ ತಲುಪಬೇಕಾದ ವಿದ್ಯುತ್ತು ತಲುಪದೇ ಇರುವ ಸಂದರ್ಭಕ್ಕೆ ಮೀಸಲಿಡಬಹುದೇ? ಪೋಷಣೆ ಇಲ್ಲದೆ ಬಾಡುವ ಅರ್ಥ ಆ ಪದದಲ್ಲಿಯೇ ಇದೆ. ‘ಸೋತಿದೆ’ ಎಂಬುದು ಮೋಟರಿನೊಳಗೆ ವಿದ್ಯುತ್ತನ್ನು ದಾಟಿಸುವ ಕಾರ್ಬನ್ ಸವೆದು, ಕಂಬಿಯನ್ನು ಹಿಡಿದಿರುವ ಬುಷ್ ಒಣಗಿ, ಮೋಟರೇ ಮುದಿಯಾದ ಸಂದರ್ಭಕ್ಕೆ ಹೊಂದುತ್ತದೆ. ಈ ವ್ಯತ್ಯಾಸ ಕೇವಲ ಶೈಲಿಯದಲ್ಲ: ಸೋತ ಮೋಟರನ್ನು ಬದಲಾಯಿಸಬೇಕು, ಸೊರಗಿದ ಮೋಟರಿನ ವೈರುಗಳನ್ನು ಸರಿಪಡಿಸಿದರೆ ಸಾಕು.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆಯನ್ನು ವಿವರಿಸುವಾಗಲೂ ಪದಗಳ ತೊಡಕು ಇದೆ. ಎಂಜಿನ್ ಓಡುತ್ತಿದ್ದು ಬ್ಲೋವರನ್ನು ಕೊನೆಯ ಸ್ಪೀಡಿನಲ್ಲಿಟ್ಟಾಗ, ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇದ್ದರೆ ಮೋಟರಿಗೆ ವೈರುಗಳನ್ನು ಕೂಡಿಸುವ ಕಪ್ಲರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಿಗಬೇಕು. ಅಲ್ಲಿ 12 ಮಾತ್ರ ಸಿಕ್ಕಿದರೆ ಉಳಿದ 2 ವೋಲ್ಟ್ ದಾರಿಯಲ್ಲಿ ಕಳೆದಿದೆ. ಇದನ್ನು ‘ವೋಲ್ಟೇಜ್ ಸೋರಿಕೆ’ ಎನ್ನಬಾರದು, ಏಕೆಂದರೆ ಇಲ್ಲಿ ಏನೂ ಹೊರಗೆ ಸೋರುತ್ತಿಲ್ಲ; ತುಕ್ಕು ಹಿಡಿದ ಕೂಡುಗೆಯಲ್ಲಿ ಅದು ಶಾಖವಾಗುತ್ತಿದೆ. 10 ಆಂಪಿಯರ್ ಹರಿಯುವಾಗ 2 ವೋಲ್ಟ್ ಕಳೆದರೆ 20 ವಾಟ್ ಶಾಖ ಹುಟ್ಟುತ್ತದೆ, ಮತ್ತು ಅದು ಒಂದು ಚಿಕ್ಕ ಪಿನ್ನಿನ ಸುತ್ತ ಕೂಡಿಕೊಂಡರೆ ಕಪ್ಲರಿನ ಬಿಳಿ ಪ್ಲಾಸ್ಟಿಕ್ಕು ಆ ಒಂದು ಪಿನ್ನಿನ ಬಳಿ ಮಾತ್ರ ಕಂದಾಗಿ, ಅಂಚು ಉಬ್ಬಿ, ವೈರಿನ ಹೊದಿಕೆ ಬೆರಳು ಸೋಕಿದರೆ ಮುರಿಯುವಷ್ಟು ಗಡುಸಾಗಿರುತ್ತದೆ. ‘ವೋಲ್ಟೇಜ್ ಇಳಿತ’ ಎಂಬುದು ನನಗೆ ಸರಿಯೆನಿಸುತ್ತದೆ. ಅಳತೆಯನ್ನು ಮೋಟರ್ ಓಡುತ್ತಿರುವಾಗಲೇ ಮಾಡಬೇಕು ಎಂಬುದನ್ನೂ ಒತ್ತಿ ಹೇಳಬೇಕಾಗಿದೆ. ಕಪ್ಲರ್ ಬಿಚ್ಚಿ ಅಳೆದರೆ ತುಕ್ಕು ಹಿಡಿದ ಪಿನ್ನಿನ ಮೂಲಕವೂ ಪೂರ್ಣ ವೋಲ್ಟೇಜ್ ಕಾಣಿಸಿಕೊಂಡು ದೋಷವೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಈ ಇಳಿತ ಬ್ಯಾಟರಿಗೆ ಹಿಂತಿರುಗುವ ದಾರಿಯಲ್ಲಿಯೂ ಇರಬಹುದು. ನಮ್ಮ ಎಲೆಕ್ಟ್ರಿಷಿಯನ್ನರು ಅದನ್ನು ‘ಅರ್ಥ್’ ಎನ್ನುತ್ತಾರೆ. ಕನ್ನಡ ಬರಹದಲ್ಲಿ ‘ಅರ್ಥ್ ಸರಿಯಿಲ್ಲ’ ಎಂಬುದು ‘ಅರ್ಥ ಸರಿಯಿಲ್ಲ’ ಎಂಬಂತೆ ಕಣ್ಣಿಗೆ ಬೀಳುತ್ತದೆ. ‘ಭೂಸಂಪರ್ಕ’ ಎಂಬ ಪದವೂ ಇಲ್ಲಿ ಒಪ್ಪುವುದಿಲ್ಲ. ರಬ್ಬರ್ ಟೈರುಗಳ ಮೇಲೆ ನಿಂತಿರುವ ಕಾರಿನಲ್ಲಿ ಭೂಮಿಗೆ ಸಂಪರ್ಕವೆಂಬುದೇ ಇಲ್ಲ, ಇರುವುದು ಕಾರಿನ ಲೋಹದ ಒಡಲಿಗೆ. ‘ಬಾಡಿ ಅರ್ಥ್’ ಎಂಬ ರೂಢಿಯ ಮಾತನ್ನೇ ಉಳಿಸಿಕೊಳ್ಳುವುದು ಲೇಸೆಂದು ತೋರುತ್ತದೆ.

ಕೆಳಗಿನ ಸ್ಪೀಡುಗಳು ಸತ್ತು ಕೊನೆಯದು ಮಾತ್ರ ನಡೆಯುತ್ತಿದ್ದರೆ ಸಾಮಾನ್ಯವಾಗಿ ದೋಷ, ಕರೆಂಟನ್ನು ತಡೆದು ವೇಗ ತಗ್ಗಿಸುವ ರೆಸಿಸ್ಟರಿನಲ್ಲಿರುತ್ತದೆ, ಏಕೆಂದರೆ ಬಹುತೇಕ ಹಳೆಯ ಕಾರುಗಳಲ್ಲಿ ಕೊನೆಯ ಸ್ಪೀಡಿಗೆ ಅದರ ಹಂಗಿಲ್ಲ. ಪಠ್ಯಪುಸ್ತಕಗಳ ‘ರೋಧಕ’ ಶುದ್ಧವಾದ ಪದವೇ, ಆದರೆ ಅಂಗಡಿಯಲ್ಲಿ ರೋಧಕ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಬಿಡಿಭಾಗದ ಹೆಸರಾಗಿ ‘ರೆಸಿಸ್ಟರ್’ ಎಂದೇ ಬರೆಯುತ್ತೇನೆ. ಬಿಗಿಯಾದ ಮೋಟರ್ ಹೆಚ್ಚು ಕರೆಂಟ್ ಎಳೆದು ಹೊಸ ರೆಸಿಸ್ಟರನ್ನೂ ಸುಡಬಹುದಾದ್ದರಿಂದ, ಬದಲಾಯಿಸುವ ಮೊದಲು ಗಾಳಿಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕೆಂಬ ಸೂಚನೆಯನ್ನು ಸೇರಿಸಿದ್ದೇನೆ.

ಗಾಳಿ ಸಾಕಷ್ಟಿದ್ದು ಬಿಸಿ ಸಾಲದಿದ್ದರೆ ಅದು ಬ್ಲೋವರಿನ ದೋಷವೇ ಅಲ್ಲ. ಎಂಜಿನ್ನಿನ ಬಿಸಿಯನ್ನು ಹೀಟರಿಗೆ ತರುವ ಕೂಲೆಂಟ್ ದ್ರವ ಕಡಿಮೆಯಾಗಿರಬಹುದು, ಅದರ ಹರಿವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು, ಅಥವಾ ಒಳಗೆ ಹೋಗುವ ಹೋಸ್ ಬಿಸಿಯಾಗಿ ಹೊರಗೆ ಬರುವುದು ತಣ್ಣಗಿದ್ದರೆ ಗಾಳಿಯನ್ನು ಬಿಸಿಮಾಡುವ ಹೀಟರ್ ಕೋರ್ ಕಟ್ಟಿಕೊಂಡಿರಬಹುದು. ಇಲ್ಲಿ ‘ಬಿಸಿಗಾಳಿ’ ಎಂದು ಕೂಡಿಸಿ ಬರೆಯಲು ಹಿಂಜರಿಯುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಆ ಸಮಾಸ ಬೇಸಿಗೆಯ ವಿಪತ್ತಿನ ಹೆಸರಾಗಿ ನೆಲೆಗೊಂಡಿದೆ. ‘ಬಿಸಿ ಗಾಳಿ’ ಎಂದು ಬಿಡಿಸಿ ಬರೆದರೆ ಗೊಂದಲ ತಪ್ಪೀತೇ?

ಇನ್ನೊಂದು ದೋಷಕ್ಕೆ ಪದ ಸಿಕ್ಕಿಲ್ಲ. ಗಾಳಿಚಕ್ರದ ನಡುವಿನ ಗುಂಬ ಬಿರುಕುಬಿಟ್ಟು ಮೋಟರಿನ ಕಂಬಿಯ ಮೇಲೆ ಸಡಿಲವಾದಾಗ, ಮೋಟರ್ ಪೂರ್ಣ ವೇಗದಲ್ಲಿ ತಿರುಗಿದರೂ ಚಕ್ರ ಅದರ ಜೊತೆ ತಿರುಗುವುದಿಲ್ಲ. ಇದು ಸೊರಗಿದ್ದೂ ಅಲ್ಲ, ಸೋತದ್ದೂ ಅಲ್ಲ, ಕಟ್ಟಿಕೊಂಡದ್ದೂ ಅಲ್ಲ. ಗ್ಯಾರೇಜುಗಳಲ್ಲಿ ‘ಸ್ಲಿಪ್ ಆಗುತ್ತಿದೆ’ ಎನ್ನುತ್ತಾರೆ. ‘ಜಾರುತ್ತಿದೆ’ ಎಂದರೆ ಚಕ್ರ ಕಳಚಿ ಬೀಳುತ್ತಿದೆ ಎಂಬ ಅರ್ಥವೂ ಬರುತ್ತದೆ. ರಾಟೆ, ಗಾಣ, ಏತಗಳ ಕೆಲಸ ಬಲ್ಲವರಲ್ಲಿ, ಅಚ್ಚು ತಿರುಗಿ ಗಾಲಿ ಮಾತ್ರ ನಿಂತುಬಿಡುವ ಈ ಸ್ಥಿತಿಗೆ ಬೇರೆ ಕ್ರಿಯಾಪದವೇನಾದರೂ ಇದ್ದರೆ, ಅದು ಯಾವ ಸೀಮೆಯ ಮಾತೆಂಬುದರೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.