ಸಹಾಯ ಬೇಕು: ಅರ್ಧಕ್ಕೆ ನಿಂತ ಫ್ಯಾಂಟಸಿ ಕಾದಂಬರಿಯನ್ನು ಮುಂದುವರಿಸಲೇ?

ಬಳಗದ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದವಳು. 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭವಾದ ಈ ಊರಿನಲ್ಲಿ ಕಾದಂಬರಿಗಳನ್ನು ಓದುತ್ತಲೇ ಬೆಳೆದಿದ್ದೇನೆ. ಆದರೆ ಅಕ್ಕನ ಮಗಳು ಪ್ರೀತಿಯಿಂದ ತಂದುಕೊಟ್ಟಿರುವ 460 ಪುಟಗಳ ಫ್ಯಾಂಟಸಿ ಕಾದಂಬರಿಯೊಂದರಲ್ಲಿ, ಮೂರು ವಾರಗಳಾದರೂ 190ನೆಯ ಪುಟ ದಾಟಲು ನನ್ನಿಂದಾಗಿಲ್ಲ.

ನೆನಪುಗಳನ್ನು ನುಂಗುವ ನದಿ, ಅದರ ದಂಡೆಯಲ್ಲಿ ತೀರಿಹೋದ ತಾಯಿಯ ದನಿಗಾಗಿ ಕಾಯುವ ಹುಡುಗಿ: ಕಲ್ಪನೆ ನಿಜಕ್ಕೂ ಚೆಲುವಾಗಿದೆ. ಆದರೆ ಹುಡುಗಿ ಹಣತೆ ಹಚ್ಚುತ್ತಾಳೆ, ಅಳುತ್ತಾಳೆ, ಕಣ್ಣೀರು ಬಿದ್ದು ಹಣತೆ ಆರುತ್ತದೆ. ಇದೇ ದೃಶ್ಯ ಈವರೆಗೆ ನಾಲ್ಕು ಬಾರಿ ಬಂದಿದೆ. ನದಿ ಯಾರ ನೆನಪನ್ನು ಏಕೆ ನುಂಗುತ್ತದೆ, ಅದನ್ನು ಮರಳಿ ಪಡೆಯಲು ಏನು ತೆರಬೇಕು ಎಂಬ ಕಟ್ಟಳೆಯೇ ಗೊತ್ತಾಗದಿರುವುದರಿಂದ, ಅವಳಿಗೆ ಮುಂದೇನಾದೀತೋ ಎಂಬ ಆತಂಕ ನನ್ನಲ್ಲಿ ಹುಟ್ಟುತ್ತಿಲ್ಲ. ನಿಧಾನವೇ ದೋಷವೆಂದು ನಾನು ಹೇಳುತ್ತಿಲ್ಲ. ಗದಗಿನ ವೀರನಾರಾಯಣನ ಗುಡಿಯಲ್ಲಿ ಗಮಕ ಕೇಳುವಾಗ ಒಂದೇ ಷಟ್ಪದಿಯ ವ್ಯಾಖ್ಯಾನಕ್ಕೆ ಕಾಲು ತಾಸು ಹಿಡಿದರೂ ನನ್ನ ಮನಸ್ಸು ಕದಲಿರಲಿಲ್ಲ.

ಮುಂದಿನ ರವಿವಾರ ಅಕ್ಕನ ಮಗಳು ಹಾವೇರಿಯಿಂದ ಬರುತ್ತಾಳೆ. ಪುಸ್ತಕ ಹೇಗಿದೆ ಎಂದು ಕೇಳಿಯೇ ಕೇಳುತ್ತಾಳೆ. ಸುಳ್ಳು ಹೇಳಲು ಮನಸ್ಸಿಲ್ಲ, ಅವಳನ್ನು ನೋಯಿಸಲೂ ಮನಸ್ಸಿಲ್ಲ. ಇಂತಹ ಕಾದಂಬರಿಗಳನ್ನು ಬಲ್ಲವರು, ಇನ್ನೂ ಎಷ್ಟು ಪುಟ ತಾಳ್ಮೆಯಿಂದ ಓದಿ ನೋಡಬೇಕು, ಯಾವುದರ ಕಡೆ ಗಮನ ಕೊಟ್ಟರೆ ಕಥೆಯ ಎಳೆ ಕೈಗೆ ಸಿಕ್ಕೀತು ಎಂಬುದನ್ನು ದಯವಿಟ್ಟು ತಿಳಿಸಿರಿ. ಭಾವವನ್ನು ಬಿಟ್ಟುಕೊಡದೆ ಚುರುಕಾಗಿ ಸಾಗುವ, ಕನ್ನಡದ್ದೇ ಆದ ಫ್ಯಾಂಟಸಿ ಕಾದಂಬರಿಯಿದ್ದರೆ ಅದರ ಹೆಸರನ್ನೂ ಸೂಚಿಸಿರಿ. ಅವಳೊಡನೆ ಕೂಡಿ ಓದುವ ಆಸೆಯಿದೆ.