ಪದಚರ್ಚೆ: ‘ಡೈವೋರ್ಸ್ ರೆಕಾರ್ಡ್’, ‘ಕೌಂಟಿ ಕ್ಲರ್ಕ್’ — ಕನ್ನಡದಲ್ಲಿ ಏನೆಂದು ಬರೆಯಲಿ? ಶುಕ್ರವಾರದೊಳಗೆ ಬೇಕು

ನ್ಯೂಯಾರ್ಕಿನ ಕ್ವೀನ್ಸ್‌ನಿಂದ:

ಬಳಗದ ಎಲ್ಲರಿಗೂ ನಮಸ್ಕಾರ.

ಇಲ್ಲಿ ನಾವು ಮೂವರು ಸೇರಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಹಾಳೆ ಸಿದ್ಧಪಡಿಸುತ್ತಿದ್ದೇವೆ. ನ್ಯೂಯಾರ್ಕ್ ರಾಜ್ಯದಲ್ಲಿ ವಿಚ್ಛೇದನವಾದವರು ಅದರ ಕಾಗದಪತ್ರಗಳನ್ನು ಕೌಂಟಿ ಕ್ಲರ್ಕ್ (ನಮ್ಮ ಜಿಲ್ಲೆಯಂಥ ಕೌಂಟಿಯಲ್ಲಿ ಮೊಕದ್ದಮೆಯ ಕಾಗದಗಳನ್ನು ಕಾಯುವ ಅಧಿಕಾರಿ) ಕಚೇರಿಯಿಂದ ಹೇಗೆ ತೆಗೆಸಿಕೊಳ್ಳಬೇಕು ಎಂಬುದೇ ವಿಷಯ. ಮರುಮದುವೆಗೆ, ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸುವುದಕ್ಕೆ, ಊರಿನ ಕೋರ್ಟಿನಲ್ಲಿ ತೋರಿಸುವುದಕ್ಕೆ ಆ ಕಾಗದ ಬೇಕಾಗುತ್ತದೆ. ಹೆಣ್ಣುಮಕ್ಕಳು ಇಂಗ್ಲಿಷ್ ಬಲ್ಲರು. ಆದರೆ ಅಂಥ ದಿನಗಳಲ್ಲಿ ಅವರ ಜೊತೆ ನಿಂತು, ಮಗುವನ್ನೂ ಎತ್ತಿಕೊಂಡು ಓಡಾಡುವವರು ಊರಿನಿಂದ ಬಂದ ತಾಯಂದಿರು. ಹಾಳೆ ಅವರಿಗಾಗಿ.

ಇಂಗ್ಲಿಷಿನ ‘ಡೈವೋರ್ಸ್ ರೆಕಾರ್ಡ್’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕಾಗದಗಳಿವೆ. ರಾಜ್ಯದ ಆರೋಗ್ಯ ಇಲಾಖೆ 1963ರಿಂದ ಈಚಿನ ವಿಚ್ಛೇದನಗಳಿಗೆ ಕೊಡುವ ಪ್ರಮಾಣಪತ್ರ ಒಂದು. ನ್ಯಾಯಾಧೀಶರು ಸಹಿ ಮಾಡಿದ ‘ಜಜ್‌ಮೆಂಟ್ ಆಫ್ ಡೈವೋರ್ಸ್’ ಇನ್ನೊಂದು. ಮೊಕದ್ದಮೆಯ ಪೂರ್ತಿ ಫೈಲು ಮೂರನೆಯದು. ಕೊನೆಯ ಎರಡೂ ಇರುವುದು ಮೊಕದ್ದಮೆ ಹೂಡಿದ ಕೌಂಟಿಯ ಕ್ಲರ್ಕ್ ಬಳಿ. ಮದುವೆಯಾದ ಊರಿನಲ್ಲಲ್ಲ, ಈಗ ಮನೆ ಮಾಡಿರುವ ಊರಿನಲ್ಲೂ ಅಲ್ಲ. ನನ್ನ ಮೊದಲ ಕರಡಿನಲ್ಲಿ ಮೂರಕ್ಕೂ ‘ವಿಚ್ಛೇದನ ದಾಖಲೆ’ ಎಂದೇ ಬರೆದಿದ್ದೆ. ಅದನ್ನು ನಂಬಿ ಒಬ್ಬರು ಆರೋಗ್ಯ ಇಲಾಖೆಯ ಪ್ರಮಾಣಪತ್ರ ತರಿಸಿಕೊಂಡರು. ಅವರಿಗೆ ಬೇಕಾಗಿದ್ದುದು ಜಜ್‌ಮೆಂಟ್. ವಾರಗಳು ಹೋದವು. ಅವರ ಮುಖ ನೋಡುವುದು ನನಗೆ ಕಷ್ಟವಾಯಿತು.

‘ಕೌಂಟಿ ಕ್ಲರ್ಕ್’, ‘ಸರ್ಟಿಫೈಡ್ ಕಾಪಿ’, ‘ಇಂಡೆಕ್ಸ್ ನಂಬರ್’ ಇವಕ್ಕೂ ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

ಮೈಸೂರಿನಿಂದ:

ಅಮ್ಮಾ, ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೀರಿ. ಪದಗಳಿಗೆ ಪರದಾಡಬೇಕಾಗಿಲ್ಲ, ಎಲ್ಲವೂ ನಮ್ಮ ಶಾಸನಗಳಲ್ಲಿವೆ.

ಕೌಂಟಿ ಎಂದರೆ ನಾಡು. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು ಎಂದು ಆಡಳಿತ ನಡೆಸಿದ ಜನ ನಾವು. ಆ ಅಳತೆಯ ಪ್ರದೇಶಕ್ಕೆ ಪರದೇಶದ ಪದ ಏಕೆ? ಕ್ಲರ್ಕ್ ಎಂದರೆ ಸೇನಬೋವ. ಶಾನುಭೋಗ ಎಂಬ ಮಾತು ಬಂದಿರುವುದೇ ಅದರಿಂದ. ಲೆಕ್ಕವನ್ನೂ ಬರಹವನ್ನೂ ಕಾಯುವವನು ಅವನು. ಮೊಕದ್ದಮೆಯ ಫೈಲಿಗೆ ಕಡತ ಇದ್ದೇ ಇದೆ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದಿಡುತ್ತಿದ್ದುದು ಕಡತ. ಶೃಂಗೇರಿ ಮಠದ ಕಡತಗಳನ್ನು ಇಂದಿಗೂ ವಿದ್ವಾಂಸರು ಓದುತ್ತಾರೆ. ಕಾಪಾಡಿ ಇಡುವ ಬರಹ ಎಂಬ ಅರ್ಥ ಆ ಪದದ ಮೈಯಲ್ಲೇ ಇದೆ. ‘ರೆಕಾರ್ಡ್’ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪದ ಯಾವ ಭಾಷೆಯಲ್ಲೂ ಸಿಗುವುದಿಲ್ಲ.

‘ವಿಚ್ಛೇದನ’ ಕತ್ತರಿಸುವ ಸಂಸ್ಕೃತ ಪದ, ಕೇಳುವುದಕ್ಕೂ ಕಠಿಣ. ‘ಮದುವೆ ಬಿಡುಗಡೆ’ ಎನ್ನಿ. ‘ದಾಖಲೆ’, ‘ನಕಲು’, ‘ಅರ್ಜಿ’ ಮೂರೂ ಅರಬ್ಬಿಯಿಂದ ಬಂದವು, ಬಿಡಬಹುದು. ಹಾಗಾಗಿ: ‘ಮದುವೆ ಬಿಡುಗಡೆಯ ಕಡತಕ್ಕಾಗಿ ನಾಡ ಸೇನಬೋವರಲ್ಲಿ ಕೋರಿಕೆ.’

ಧಾರವಾಡದಿಂದ:

ಈ ಸಾಲನ್ನು ಹಿಡಿದುಕೊಂಡು ಯಾವ ತಾಯಿಯೂ ಯಾವ ಕಿಟಕಿಗೂ ಹೋಗಲಾರಳು. ಕೈಬಿಡಿ.

ನಾನು ನ್ಯಾಯಾಲಯದ ನಕಲು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಗದ ಕೇಳಿಕೊಂಡು ಬಂದವರ ಮುಖವನ್ನು ಕಂಬಿಯ ಈಚೆಯಿಂದ ನೋಡಿದ್ದೇನೆ. ಆದ್ದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಜಜ್‌ಮೆಂಟ್ ಆಫ್ ಡೈವೋರ್ಸ್’ ಎಂಬುದನ್ನು ‘ತೀರ್ಪು’ ಎಂದು ಅನುವಾದಿಸಿದರೆ ನಮ್ಮ ಕಡೆಯ ವಕೀಲರು ತಪ್ಪು ತಿಳಿಯುತ್ತಾರೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ತೀರ್ಪು ಬೇರೆ, ಡಿಕ್ರಿ ಬೇರೆ. ನ್ಯಾಯಾಧೀಶರು ಕಾರಣಗಳನ್ನು ವಿವರಿಸಿ ಬರೆಯುವುದು ತೀರ್ಪು. ಪಕ್ಷಗಾರರ ಹಕ್ಕು ಇದೇ ಎಂದು ಕಟ್ಟಕಡೆಗೆ ಸಾರುವ ವಿಧಿವತ್ತಾದ ಹಾಳೆ ಡಿಕ್ರಿ. ಮೇಡಂ ಹೇಳುವ ಕಾಗದ ಮದುವೆ ಕೊನೆಗೊಂಡಿತೆಂದು ಸಾರುವ ಹಾಳೆ. ನಮ್ಮ ಲೆಕ್ಕದಲ್ಲಿ ಅದು ಡಿಕ್ರಿಯೇ. ‘ವಿಚ್ಛೇದನ ಡಿಕ್ರಿ’ ಎಂದರೆ ಹಾವೇರಿಯ ರೈತನಿಗೂ ಗೊತ್ತಾಗುತ್ತದೆ.

‘ಸರ್ಟಿಫೈಡ್ ಕಾಪಿ’ ಎಂದರೆ ದೃಢೀಕೃತ ನಕಲು. ಇದೇಕೆ ಮುಖ್ಯ ಎಂದರೆ, ಅದೇ ಸಂಹಿತೆಯ 14ನೆಯ ಕಲಮಿನ ಪ್ರಕಾರ ವಿದೇಶಿ ತೀರ್ಪಿನ ದೃಢೀಕೃತ ನಕಲನ್ನು ಹಾಜರುಪಡಿಸಿದರೆ, ಅದನ್ನು ಕೊಟ್ಟ ನ್ಯಾಯಾಲಯಕ್ಕೆ ಅಧಿಕಾರವಿತ್ತೆಂದು ನಮ್ಮ ಕೋರ್ಟು ಭಾವಿಸಿಕೊಂಡೇ ಮುಂದುವರಿಯುತ್ತದೆ; ಅಲ್ಲವೆಂದು ತೋರಿಸುವ ಹೊರೆ ಎದುರಾಳಿಯದು. ಬರಿಯ ಜೆರಾಕ್ಸಿಗೆ ಆ ಬಲವಿಲ್ಲ. ಹಾಗೆಂದು ಆ ನಕಲು ಸಿಕ್ಕಿದ ಕೂಡಲೇ ಎಲ್ಲವೂ ಮುಗಿಯಿತೆಂದೂ ಅಲ್ಲ. ವಿದೇಶಿ ತೀರ್ಪನ್ನು ಯಾವಾಗ ಒಪ್ಪಬಾರದೆಂದು ಹೇಳುವ 13ನೆಯ ಕಲಮಿನ ಪರೀಕ್ಷೆಗಳಿವೆ. ವಿದೇಶಿ ವಿಚ್ಛೇದನಗಳನ್ನು ಯಾವಾಗ ಒಪ್ಪಬೇಕೆಂದು ನಮ್ಮ ಸುಪ್ರೀಂ ಕೋರ್ಟು 1991ರಲ್ಲಿ ಬಿಗಿಯಾಗಿ ಹೇಳಿದೆ. ಹಾಳೆಯಲ್ಲಿ ‘ಊರಿನ ವಕೀಲರನ್ನು ಕೇಳಿ’ ಎಂಬ ಸಾಲು ಇರಲಿ.

ಕೌಂಟಿ ಕ್ಲರ್ಕರನ್ನು ‘ಗುಮಾಸ್ತ’ ಎಂದು ಬರೆಯಬೇಡಿ. ನಮ್ಮ ನ್ಯಾಯಾಲಯದಲ್ಲಿ ಆ ಸ್ಥಾನಕ್ಕೆ ಹತ್ತಿರದವರು ಶಿರಸ್ತೇದಾರರು.

ಬೆಂಗಳೂರಿನಿಂದ:

‘ನಾಡು’ ಬಗ್ಗೆ ಒಂದು ಎಚ್ಚರಿಕೆ. ಇವತ್ತು ಕರ್ನಾಟಕದಲ್ಲಿ ನಾಡಕಚೇರಿ ಎಂಬುದು ಹೋಬಳಿ ಮಟ್ಟದಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಕೊಡುವ ಕಚೇರಿ. ‘ನಾಡ ಕಚೇರಿಗೆ ಹೋಗಿ ಕೇಳಿ’ ಎಂದು ಓದಿದ ತಾಯಿಯ ಕಣ್ಣಮುಂದೆ ಬರುವುದು ಅದೇ. ‘ಬಿಡುಗಡೆ’ಯೂ ಹಾಗೆಯೇ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ‘ಹಕ್ಕು ಬಿಡುಗಡೆ ಪತ್ರ’ ಎಂದರೆ ಆಸ್ತಿಯ ಪಾಲನ್ನು ಬಿಟ್ಟುಕೊಡುವ ಪತ್ರ. ಮದುವೆ ಮುರಿದುಕೊಂಡ ಹೆಣ್ಣುಮಗಳ ತಾಯಿ ‘ಬಿಡುಗಡೆ ಪತ್ರ’ ಎಂದು ಓದಿದರೆ ಎದೆ ಝಲ್ಲೆನ್ನುತ್ತದೆ: ನನ್ನ ಮಗಳು ಏನನ್ನು ಬಿಟ್ಟುಕೊಟ್ಟಳು?

ಉತ್ತರ ಕರ್ನಾಟಕದ ‘ಸೋಡಚೀಟಿ’ಯನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ಅದು ಮರಾಠಿಯಿಂದ ಬಂದ ಜೀವಂತ ಪದ, ನನಗೆ ಪ್ರೀತಿಯ ಪದ. ಆದರೆ ಅದು ಹಿರಿಯರ ಮುಂದೆ, ರೂಢಿಯ ಪ್ರಕಾರ ಬರೆದುಕೊಡುವ ಚೀಟಿ. ಅಂಥ ರೂಢಿಯ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ಉಳಿಸಿಕೊಂಡಿದೆ. ನ್ಯಾಯಾಲಯದ ಆದೇಶಕ್ಕೆ ಅದೇ ಹೆಸರಿಟ್ಟರೆ ಎರಡರ ಗೆರೆಯೂ ಅಳಿಸಿಹೋಗುತ್ತದೆ.

ಮೈಸೂರಿನಿಂದ:

ಗೆರೆ ಅಳಿಸುತ್ತಿರುವವರು ನೀವು. ‘ಡಿಕ್ರಿ’, ‘ಶಿರಸ್ತೇದಾರ’, ‘ಜೆರಾಕ್ಸ್’! ಒಂದು ಇಂಗ್ಲಿಷ್, ಒಂದು ಪಾರಸಿ, ಒಂದು ಕಂಪನಿಯ ಹೆಸರು. ಆಡಳಿತದ ಕನ್ನಡವನ್ನು ಮೊದಲು ಪಾರಸಿಗೆ, ಆಮೇಲೆ ಇಂಗ್ಲಿಷಿಗೆ ಒಪ್ಪಿಸಿ ನೂರಾರು ವರ್ಷಗಳಾದವು. ಪ್ರತಿಸಲವೂ ‘ಜನರಿಗೆ ಗೊತ್ತಾಗುವುದು ಇದೇ’ ಎಂದೇ ಒಪ್ಪಿಸಿದ್ದು. ಜನರಿಗೆ ಗೊತ್ತಾಗುವಂತೆ ನಮ್ಮ ಪದವನ್ನು ಬಳಸಿ ತೋರಿಸಿದವರು ಎಷ್ಟು ಮಂದಿ?

ಧಾರವಾಡದಿಂದ:

ಶಾನುಭೋಗಿಕೆಯನ್ನು 1961ರ ಕಾಯ್ದೆಯೇ ರದ್ದುಮಾಡಿತು. ಇಲ್ಲದ ಹುದ್ದೆಯನ್ನು ಅಮೆರಿಕದಲ್ಲಿ ನೇಮಿಸಬೇಡಿ. ‘ಕಚೇರಿ’ ಎಂಬುದೂ ಹಿಂದುಸ್ತಾನಿಯಿಂದ ಬಂದದ್ದು; ಅದನ್ನು ಬಿಟ್ಟು ಎಲ್ಲಿಗೆ ಹೋಗಿ ಕೇಳಬೇಕು?

ಬ್ರೂಕ್ಲಿನ್‌ನಿಂದ:

ಹಿರಿಯರಿಬ್ಬರೂ ಕ್ಷಮಿಸಬೇಕು. ನಾನು ಇಲ್ಲಿ ಕಾನೂನು ನೆರವಿನ ಕೆಲಸದಲ್ಲಿದ್ದೇನೆ. ಪದದ ಮೂಲಕ್ಕಿಂತ ಹೆಚ್ಚು ಅಪಾಯ ಬೇರೆಡೆ ಇದೆ, ಅದು ಈ ಚರ್ಚೆಯಲ್ಲಿ ಬಂದೇ ಇಲ್ಲ.

ನ್ಯೂಯಾರ್ಕಿನಲ್ಲಿ ವಿಚ್ಛೇದನ ಕೊಡುವುದು ‘ಸುಪ್ರೀಂ ಕೋರ್ಟ್’. ಹೆಸರು ಹಾಗಿದ್ದರೂ ಅದು ಕೆಳಹಂತದ ವಿಚಾರಣಾ ನ್ಯಾಯಾಲಯ; ರಾಜ್ಯದ ಅತ್ಯುನ್ನತ ನ್ಯಾಯಾಲಯದ ಹೆಸರು ‘ಕೋರ್ಟ್ ಆಫ್ ಅಪೀಲ್ಸ್’. ‘ಸರ್ವೋಚ್ಚ ನ್ಯಾಯಾಲಯ’ ಎಂದು ಬರೆದರೆ, ಮಗಳ ಮೊಕದ್ದಮೆ ದೆಹಲಿಯ ಮಟ್ಟಕ್ಕೆ ಹೋಗಿದೆಯೆಂದು ಮನೆಯವರು ಕಂಗಾಲಾಗುತ್ತಾರೆ. ಇನ್ನು ‘ಫ್ಯಾಮಿಲಿ ಕೋರ್ಟ್’. ಕರ್ನಾಟಕದಲ್ಲಿ 1984ರ ಕಾಯ್ದೆಯಂತೆ ವಿಚ್ಛೇದನ ನಡೆಯುವುದೇ ಕೌಟುಂಬಿಕ ನ್ಯಾಯಾಲಯದಲ್ಲಿ. ಇಲ್ಲಿನ ಫ್ಯಾಮಿಲಿ ಕೋರ್ಟಿಗೆ ವಿಚ್ಛೇದನ ಕೊಡುವ ಅಧಿಕಾರವೇ ಇಲ್ಲ. ಅಲ್ಲಿ ಮಕ್ಕಳ ಪಾಲನೆ, ಜೀವನಾಂಶ ಮುಂತಾದವು. ಕ್ವೀನ್ಸ್‌ನಲ್ಲಿ ಎರಡೂ ಜಮೈಕಾ ಬಡಾವಣೆಯಲ್ಲೇ ಇವೆ. ಊರಿನ ರೂಢಿಯಿಂದ ‘ಕೌಟುಂಬಿಕ ನ್ಯಾಯಾಲಯ’ ಎಂದು ಬರೆದಿರೋ, ಚಳಿಯಲ್ಲಿ ತಪ್ಪು ಕಟ್ಟಡದ ಸಾಲಿನಲ್ಲಿ ನಿಲ್ಲಿಸಿದಿರಿ.

‘ಕೌಂಟಿ’ಯನ್ನು ಹಾಗೆಯೇ ಇಡಿ. ಬ್ರೂಕ್ಲಿನ್ ಇರುವುದು ‘ಕಿಂಗ್ಸ್ ಕೌಂಟಿ’, ಮ್ಯಾನ್‌ಹಟನ್ ‘ನ್ಯೂಯಾರ್ಕ್ ಕೌಂಟಿ’, ಸ್ಟ್ಯಾಟನ್ ಐಲ್ಯಾಂಡ್ ‘ರಿಚ್‌ಮಂಡ್ ಕೌಂಟಿ’. ಬೋರ್ಡಿನ ಮೇಲಿರುವ ಹೆಸರು ಹಾಳೆಯಲ್ಲೂ ಕಾಣಬೇಕು. ‘ಇಂಡೆಕ್ಸ್ ನಂಬರ್’ ಕೂಡ ಹಾಗೆಯೇ. ಕಿಟಕಿಯಲ್ಲಿ ಕೇಳುವುದು ಅದೇ ಶಬ್ದವನ್ನು, ಫೈಲು ಹುಡುಕುವುದೂ ಆ ಸಂಖ್ಯೆಯಿಂದಲೇ. ಪಕ್ಕದಲ್ಲಿ ‘ಅಂದರೆ ಮೊಕದ್ದಮೆಯ ಸಂಖ್ಯೆ’ ಎಂದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು: ‘ದಾಖಲೆ’ ಎಂದೊಡನೆ ಯಾರು ಬೇಕಾದರೂ ಪಡೆಯಬಹುದು ಎಂಬ ಅರ್ಥ ಹೊಮ್ಮಬಾರದು. ಇಲ್ಲಿನ ಕಾನೂನಿನಂತೆ ವಿಚ್ಛೇದನದ ಫೈಲು 100 ವರ್ಷ ಮುಚ್ಚಿರುತ್ತದೆ. ಗಂಡ, ಹೆಂಡತಿ, ಅವರ ವಕೀಲರು ಬಿಟ್ಟರೆ ನ್ಯಾಯಾಲಯದ ಆದೇಶ ಬೇಕು. ತಾಯಿಯೆಂಬ ಕಾರಣಕ್ಕೆ ಕೊಡುವುದಿಲ್ಲ. ಮಗಳು ನೋಟರಿಯ ಮುಂದೆ ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ ಗುರುತಿನ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಕ್ವೀನ್ಸ್‌ನಿಂದ:

ಎಲ್ಲರಿಗೂ ಕೃತಜ್ಞತೆ. ಬ್ರೂಕ್ಲಿನ್‌ನವರು ಹೇಳಿದ ಕೊನೆಯ ಮಾತು ನನ್ನ ಕರಡಿನಲ್ಲಿ ಇರಲೇ ಇಲ್ಲ. ಈಗ ಮೊದಲ ಸಾಲಿನಲ್ಲೇ ಇದೆ.

ನಿನ್ನೆ ಸಂಜೆ ಕರಡನ್ನು ಮೂವರು ತಾಯಂದಿರಿಗೆ ಓದಲು ಕೊಟ್ಟೆ. ‘ದೃಢೀಕೃತ ನಕಲು’ ಎಂಬಲ್ಲಿ ಒಬ್ಬರು ನಿಂತುಬಿಟ್ಟರು. “ನಕಲಿ ಕಾಗದ ಏಕೆ ತರಬೇಕಮ್ಮ? ಅಸಲಿಯನ್ನೇ ಕೊಡುವುದಿಲ್ಲವೇ?” ಎಂದರು. ಧಾರವಾಡದ ಹಿರಿಯರು ಮನ್ನಿಸಬೇಕು. ‘ನಕಲು’ ಬಿಟ್ಟು ‘ನ್ಯಾಯಾಲಯದ ಮೊಹರು ಇರುವ ದೃಢೀಕೃತ ಪ್ರತಿ’ ಎಂದು ಬರೆದಿದ್ದೇನೆ. ‘ಡಿಕ್ರಿ’ ಎಲ್ಲರಿಗೂ ತಿಳಿಯಿತು. ‘ಕಡತ’ವೂ ತಿಳಿಯಿತು, ಪೂರ್ತಿ ಫೈಲಿಗೆ ಅದನ್ನೇ ಇಟ್ಟುಕೊಂಡಿದ್ದೇನೆ. ಮೂರು ಕಾಗದಗಳಿಗೆ ಈಗ ಮೂರು ಹೆಸರು: ಆರೋಗ್ಯ ಇಲಾಖೆಯ ವಿಚ್ಛೇದನ ಪ್ರಮಾಣಪತ್ರ, ನ್ಯಾಯಾಲಯದ ವಿಚ್ಛೇದನ ಡಿಕ್ರಿ, ಮೊಕದ್ದಮೆಯ ಕಡತ. ಡಿಕ್ರಿಯ ಪಕ್ಕದಲ್ಲಿ, ಕಿಟಕಿಯಲ್ಲಿ ಹೇಳುವುದಕ್ಕಾಗಿ, ‘ಜಜ್‌ಮೆಂಟ್ ಆಫ್ ಡೈವೋರ್ಸ್’ ಎಂದು ಕನ್ನಡ ಅಕ್ಷರದಲ್ಲೂ ಕೊಟ್ಟಿದ್ದೇನೆ. ‘ಕೌಂಟಿ ಕ್ಲರ್ಕ್’ ಹಾಗೆಯೇ ಇದೆ.

ಧಾರವಾಡದಿಂದ:

‘ಪ್ರತಿ’ ಒಪ್ಪುತ್ತೇನೆ. ಜೀವಮಾನವೆಲ್ಲ ನಕಲು ಎಂದೇ ಬರೆದ ಕೈ, ಆದರೂ ಆ ತಾಯಿ ಕೇಳಿದ್ದು ಸರಿ. ಊರಿನ ಕೋರ್ಟಿಗೆ ಒಯ್ಯುವವರಿಗೆ ‘ಅಪೊಸ್ಟೀಲ್’ ಮುದ್ರೆಯ ಬಗ್ಗೆ ಒಂದು ಸಾಲು ಸೇರಿಸಿ. ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪುವುದಕ್ಕಾಗಿ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ಮುದ್ರೆ ಅದು; ಭಾರತ 2005ರಿಂದ ಆ ಒಪ್ಪಂದದಲ್ಲಿದೆ. ಕೌಂಟಿ ಕ್ಲರ್ಕರ ದೃಢೀಕರಣವಾದ ಮೇಲೆ ರಾಜ್ಯದ ಕಚೇರಿಯಲ್ಲಿ ಹಾಕಿಸಿಕೊಳ್ಳಬೇಕಾದದ್ದು ಅದು.

ಮೈಸೂರಿನಿಂದ:

ಅಪೊಸ್ಟೀಲಿಗೆ ‘ಒಪ್ಪುಮುದ್ರೆ’. ಕಡತ ಉಳಿದದ್ದು ಸಂತೋಷ. ಸೇನಬೋವನ ಬಗ್ಗೆ ನನ್ನ ನಿಲುವು ಬದಲಾಗಿಲ್ಲ, ಪ್ರತ್ಯೇಕವಾಗಿ ಬರೆಯುತ್ತೇನೆ.

ಕ್ವೀನ್ಸ್‌ನಿಂದ:

‘ಒಪ್ಪುಮುದ್ರೆ (ಅಪೊಸ್ಟೀಲ್)’ ಎಂದು ಸೇರಿಸಿದೆ. ಹಾಳೆ ಮುದ್ರಣಕ್ಕೆ ಹೋಯಿತು.